ಆಫೀಸಿಗೆ ಚಕ್ಕರ್ ಹೊಡೆದ ದಿನ ಹುಟ್ಟಿದ ಹಾಡು

ಧಾರವಾಡದಲ್ಲಿ ಬೆಳೆದ ನನಗೆ ಬಿಸಿಲು ಅಂದ್ರೆ ತಪ್ಪಿಸಿಕೊಳ್ಳಬೇಕಾದದ್ದು. ಮಧ್ಯಾಹ್ನ ಚಪ್ಪಲಿ ಮೆಟ್ಟಿದರೆ ಸಾಕು, ಅವ್ವ ಬಾಗಿಲಲ್ಲೇ ತಡೆಯುತ್ತಿದ್ದಳು. "ಈ ಬಿಸಲಾಗ ಎಲ್ಲಿ ಹೊಂಟಿ? ತಲಿಗೆ ಏನರೆ ಸುತ್ಕೋ." ಹಪ್ಪಳ, ಸಂಡಿಗೆ ಒಣಗಿಸುವ ದಿನ ಬಿಟ್ಟರೆ ಬಿಸಿಲಿಗಾಗಿ ಯಾರಾದರೂ ಕಾದು ಕೂತದ್ದನ್ನು ನಾನು ನೋಡಿರಲಿಲ್ಲ. ಹಾಗಾಗಿ ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬ ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಹಿಯರ್ ಕಮ್ಸ್ ದ ಸನ್’ ಹಾಡು ಕೇಳಿಸಿದಾಗ ನನಗೆ ಅದೊಂದು ಮುದ್ದಾದ ಹಾಡು, ಅಷ್ಟೇ ಅನ್ನಿಸಿತು. ಸೂರ್ಯ ಬಂದ, ಎಲ್ಲ ಸರಿಹೋಯ್ತು. ಕೇಳೋಕೆ ಚೆನ್ನಾಗಿತ್ತು. ಒಳಗೆ ಎಲ್ಲೂ ತಾಗಲಿಲ್ಲ.

ಆಮೇಲೆ ಕೆಲಸದ ಮೇಲೆ ಎರಡು ವರ್ಷ ಮ್ಯಾಂಚೆಸ್ಟರಿನಲ್ಲಿ ಇರಬೇಕಾಯಿತು. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕು ಆಗುವ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮುಳುಗುತ್ತಾನೆ ಅಂತ ಹೇಳೋದೂ ಲೆಕ್ಕಕ್ಕೆ ಮಾತ್ರ, ಯಾಕಂದ್ರೆ ಬೆಳಗ್ಗೆಯಿಂದ ಅವನು ಕಂಡೇ ಇರುವುದಿಲ್ಲ. ಆಕಾಶ ಹಳೇ ಅಲ್ಯೂಮಿನಿಯಂ ಪಾತ್ರೆಯ ತಳದ ಹಾಗೆ, ವಾರಗಟ್ಟಲೆ ಒಂದೇ ಬಣ್ಣ. ಕತ್ತಲಲ್ಲಿ ಮನೆ ಬಿಟ್ಟು ಕತ್ತಲಲ್ಲಿ ಮನೆಗೆ ಬರೋದು. ಚಳಿಗಿಂತ ಜಾಸ್ತಿ ಆ ಬೆಳಕಿಲ್ಲದ್ದೇ ಮೈಮೇಲೆ ಕೂತುಬಿಡುತ್ತಿತ್ತು. ಜನವರಿ ಹೋಯಿತು, ಫೆಬ್ರವರಿ ಹೋಯಿತು, ಮಾರ್ಚ್‌ನಲ್ಲೂ ಅದೇ ಕೋಟು.

ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಮೋಡ ಸ್ವಲ್ಪ ಸರಿದು ಎದುರಿನ ಇಟ್ಟಿಗೆ ಗೋಡೆಯ ಮೇಲೆ ಬಿಸಿಲು ಬಿತ್ತು. ನನ್ನ ಪಕ್ಕದಲ್ಲಿ ಒಬ್ಬ ವಯಸ್ಸಾದ ಮನುಷ್ಯ ನಿಂತಿದ್ದರು, ಕೈಯಲ್ಲಿ ತರಕಾರಿ ಚೀಲ. ಅವರು ಚೀಲವನ್ನು ನೆಲದ ಮೇಲಿಟ್ಟು, ಟೋಪಿ ತೆಗೆದು, ಕಣ್ಣು ಮುಚ್ಚಿ, ಮುಖವನ್ನು ಮೇಲೆತ್ತಿದರು. ದೇವರ ಮುಂದೆ ನಿಂತ ಹಾಗೆ. ಬಸ್ ಬಂದು ಬಾಗಿಲು ತೆರೆದರೂ ಒಂದು ಕ್ಷಣ ಹಾಗೇ ನಿಂತಿದ್ದರು. ಡ್ರೈವರ್ ಕೂಡ ಅವಸರ ಮಾಡಲಿಲ್ಲ.

ಆವತ್ತು ಬಸ್ಸಿನಲ್ಲಿ ಕೂತು ಆ ಹಾಡು ಹುಡುಕಿ ಹಾಕಿದೆ. ಎರಡನೇ ಸಾಲಿಗೇ ಕಣ್ಣು ತುಂಬಿತು. ಇದು ಸೂರ್ಯನ ಮೇಲೆ ಬರೆದ ಹಾಡಲ್ಲ, ಚಳಿಗಾಲ ಕಳೆದವನ ಹಾಡು ಅಂತ ಆವತ್ತು ಗೊತ್ತಾಯಿತು. ಆಮೇಲೆ ಇದರ ಹಿಂದಿನ ಕತೆಯನ್ನು ಓದುತ್ತಾ ಹೋದೆ. ಓದಿದಷ್ಟೂ ಹಾಡು ದೊಡ್ಡದಾಗುತ್ತಾ ಹೋಯಿತು.

ಹಾಡು ಬರೆದದ್ದು ಜಾರ್ಜ್ ಹ್ಯಾರಿಸನ್. ಬೀಟಲ್ಸ್‌ನ ನಾಲ್ವರಲ್ಲಿ ಎಲ್ಲರಿಗಿಂತ ಚಿಕ್ಕವನು, ಆಗ ಅವನಿಗೆ 26 ವರ್ಷ. ತಂಡದ ಹಾಡುಗಳೆಂದರೆ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಬರೆದದ್ದು ಅನ್ನುವುದು ಹೆಚ್ಚುಕಡಿಮೆ ನಿಯಮವೇ ಆಗಿತ್ತು. ಜಾರ್ಜ್‌ಗೆ ಸಾಮಾನ್ಯವಾಗಿ ಒಂದು ಆಲ್ಬಮ್‌ನಲ್ಲಿ ಒಂದೋ ಎರಡೋ ಹಾಡಿನ ಜಾಗ. ಮನೆಯಲ್ಲಿ ದೊಡ್ಡವರು ಮಾತಾಡುವಾಗ ಕಿರಿಯವನು ಮೂಲೆಯಲ್ಲಿ ಕೂತು ತನ್ನ ಸರದಿಗೆ ಕಾಯ್ತಾನಲ್ಲ, ಹಾಗೆ.

1969 ಅವನಿಗೆ ಹೇಗೆ ಶುರುವಾಯಿತು ಅಂತ ನೋಡಿದರೆ ಈ ಹಾಡು ಆ ವರ್ಷ ಬಂದದ್ದೇ ಆಶ್ಚರ್ಯ. ಜನವರಿ 2ರಿಂದ ಲಂಡನ್ನಿನ ಟ್ವಿಕನ್‌ಹ್ಯಾಮ್ ಫಿಲ್ಮ್ ಸ್ಟುಡಿಯೋದಲ್ಲಿ ತಂಡ ಅಭ್ಯಾಸಕ್ಕೆ ಸೇರಿತು. ದೊಡ್ಡ, ತಣ್ಣಗಿನ ಶೆಡ್ಡು, ಸುತ್ತ ಕ್ಯಾಮೆರಾಗಳು. ಜಾರ್ಜ್ ತಂದ ಹಾಡುಗಳಲ್ಲಿ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಕೂಡ ಇತ್ತು. ತಂಡ ಅದನ್ನು ಒಂದಷ್ಟು ಸಲ ನುಡಿಸಿ ನೋಡಿ ಪಕ್ಕಕ್ಕಿಟ್ಟಿತು. ಜನವರಿ 10ರಂದು ಅವನು ತಂಡವನ್ನೇ ಬಿಟ್ಟು ಎದ್ದು ಹೋದ. ಕೆಲವು ದಿನಗಳ ಮಾತುಕತೆ ಆಗಿ ವಾಪಸ್ ಬಂದ, ಆದರೆ ಆ ಶೆಡ್ಡಿಗೆ ಮತ್ತೆ ಬರೋದಿಲ್ಲ ಅಂತ ಹೇಳಿಯೇ ಬಂದ. ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿ ಟಾನ್ಸಿಲ್ ತೆಗೆಸಿಕೊಂಡ. ಮಾರ್ಚ್ 12ಕ್ಕೆ ಪಾಲ್‌ನ ಮದುವೆ. ಅದೇ ದಿನ ಪೊಲೀಸರು ಜಾರ್ಜ್ ಮನೆಗೆ ನುಗ್ಗಿ ಗಾಂಜಾ ಸಿಕ್ಕಿತು ಅಂತ ಅವನನ್ನೂ ಹೆಂಡತಿ ಪ್ಯಾಟಿಯನ್ನೂ ಹಿಡಿದರು. ತಿಂಗಳ ಕೊನೆಗೆ ಇಬ್ಬರಿಗೂ ತಲಾ 250 ಪೌಂಡ್ ದಂಡ.

ಇದೆಲ್ಲದಕ್ಕಿಂತ ದೊಡ್ಡ ತಲೆನೋವು ದುಡ್ಡಿನದ್ದು. ತಂಡದ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಬ್ರಯಾನ್ ಎಪ್‌ಸ್ಟೀನ್ 1967ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಆಮೇಲೆ ನಾಲ್ವರೂ ಸೇರಿ ಆ್ಯಪಲ್ ಅಂತ ತಮ್ಮದೇ ಕಂಪನಿ ಕಟ್ಟಿದರು. ಸಂಗೀತದವರೇ ನಡೆಸುವ, ಸಂಗೀತದವರಿಗಾಗಿ ಇರುವ ಕಂಪನಿ. ಆಸೆ ದೊಡ್ಡದಿತ್ತು, ಲೆಕ್ಕ ಇಡುವವರು ಯಾರೂ ಇರಲಿಲ್ಲ. ಬೇಕರ್ ಸ್ಟ್ರೀಟಿನಲ್ಲಿ ತೆರೆದ ಬಟ್ಟೆ ಅಂಗಡಿ ಎಂಟು ತಿಂಗಳಿಗೇ ಮುಚ್ಚಿತು, ಉಳಿದ ಮಾಲನ್ನು ಜನರಿಗೆ ಸುಮ್ನೆ ಹಂಚಿಬಿಟ್ಟರು. ಹೀಗೇ ನಡೆದರೆ ಆರು ತಿಂಗಳಲ್ಲಿ ನಾವು ದಿವಾಳಿ ಅಂತ 1969ರ ಜನವರಿಯಲ್ಲಿ ಲೆನನ್ ಪತ್ರಿಕೆಗೇ ಹೇಳಿದ. ಆಗ ವ್ಯವಹಾರ ಯಾರ ಕೈಗೆ ಕೊಡಬೇಕು ಅನ್ನುವ ಜಗಳ ಶುರುವಾಯಿತು. ಮೂವರಿಗೆ ನ್ಯೂಯಾರ್ಕಿನ ಆ್ಯಲನ್ ಕ್ಲೈನ್ ಬೇಕು, ಪಾಲ್‌ಗೆ ತನ್ನ ಹೆಂಡತಿಯ ಮನೆಯವರು ಬೇಕು. ಮಾವನ ಮನೆಯವರು ಬಂದು ಅಣ್ತಮ್ಮಂದಿರ ಪಾಲಿನ ಪಂಚಾಯ್ತಿಗೆ ಕೂತರೆ ಏನಾಗುತ್ತೆ ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಆ ವಸಂತದಲ್ಲಿ ಬೀಟಲ್ಸ್ ಅಂದ್ರೆ ಮೀಟಿಂಗ್. ವಕೀಲರು, ಲೆಕ್ಕಿಗರು, ಇಲ್ಲಿ ಸಹಿ ಹಾಕು, ಅಲ್ಲಿ ಸಹಿ ಹಾಕು. ಇದನ್ನು ಜಾರ್ಜ್ ತನ್ನ 1980ರ ಪುಸ್ತಕ ‘ಐ ಮಿ ಮೈನ್’ನಲ್ಲಿ ಬರೆದಿದ್ದಾನೆ. ಆ್ಯಪಲ್‌ಗೆ ಹೋಗೋದು ಶಾಲೆಗೆ ಹೋದ ಹಾಗೆ ಆಗಿಬಿಟ್ಟಿತ್ತಂತೆ. ಇಂಗ್ಲೆಂಡಿನ ಚಳಿಗಾಲ ಮುಗಿಯೋದೇ ಇಲ್ಲ ಅನ್ನಿಸುತ್ತೆ, ವಸಂತ ಬರುವ ಹೊತ್ತಿಗೆ ಅದು ನಿನಗೆ ನಿಜಕ್ಕೂ ಸಲ್ಲಬೇಕಾದದ್ದೇ ಆಗಿರುತ್ತೆ ಅನ್ನುವ ಅರ್ಥದ ಮಾತೂ ಅಲ್ಲಿದೆ. ಒಂದು ದಿನ ಅವನಿಗೆ ಸಾಕಾಯಿತು. ಹೋಗೋದಿಲ್ಲ ಅಂತ ತೀರ್ಮಾನಿಸಿದ. ಅದಕ್ಕೆ ಅವನು ಬಳಸಿದ ಮಾತು ಲಿವರ್‌ಪೂಲ್ ಕಡೆ ಶಾಲೆ ಹುಡುಗರದ್ದು. ನಮ್ಮಲ್ಲೂ ಅದಕ್ಕೆ ಸರಿಯಾದ ಮಾತಿದೆ. ಚಕ್ಕರ್ ಹೊಡೆಯೋದು.

ಚಕ್ಕರ್ ಹೊಡೆದು ಹೋದದ್ದು ಗೆಳೆಯ, ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಮನೆಗೆ. ಸರ್ರೆ ಜಿಲ್ಲೆಯ ಯೂಹರ್ಸ್ಟ್ ಅನ್ನುವ ಹಳ್ಳಿಯ ಹತ್ತಿರ ಹರ್ಟ್‌ವುಡ್ ಎಡ್ಜ್ ಅಂತ ಆ ಮನೆಯ ಹೆಸರು. ಗುಡ್ಡದ ಮೇಲೆ, ಸುತ್ತ ಮರಗಳು, ದೊಡ್ಡ ತೋಟ. ಏಪ್ರಿಲ್ ತಿಂಗಳು. ಕ್ಲಾಪ್ಟನ್‌ನ ಒಂದು ಗಿಟಾರ್ ಕೈಗೆ ತಗೊಂಡು ಜಾರ್ಜ್ ತೋಟದಲ್ಲಿ ಅಡ್ಡಾಡಿದ. ಆ ಲೆಕ್ಕಿಗರ ಮುಖ ಇವತ್ತು ನೋಡಬೇಕಾಗಿಲ್ಲ ಅನ್ನುವ ನೆಮ್ಮದಿಯೇ ಅದ್ಭುತವಾಗಿತ್ತು ಅಂತ ಬರೆದುಕೊಂಡಿದ್ದಾನೆ. ಹಾಡು ಅಲ್ಲೇ ಬಂತು.

ಹವಾಮಾನದ ದಾಖಲೆ ಕೂಡ ಅವನ ಪರವಾಗಿ ಸಾಕ್ಷಿ ಹೇಳುತ್ತೆ. ಲಂಡನ್ನಿನ ಗ್ರೀನಿಚ್ ಕೇಂದ್ರದ ಲೆಕ್ಕದಲ್ಲಿ ಆ ವರ್ಷದ ಫೆಬ್ರವರಿ, ಮಾರ್ಚ್ ಆ ದಶಕದ ಸರಾಸರಿಗಿಂತ ಜಾಸ್ತಿ ಚಳಿಯವು. ಏಪ್ರಿಲ್‌ನಲ್ಲಿ ಮಾತ್ರ 189 ಗಂಟೆ ಬಿಸಿಲು. ಆ ದಶಕದ ಬೇರೆ ಯಾವ ಏಪ್ರಿಲ್‌ನಲ್ಲೂ ಅಷ್ಟು ಬಿಸಿಲು ಬಿದ್ದಿರಲಿಲ್ಲ, ಆ ಅಂಕಿಯನ್ನು ಮೀರೋಕೆ 1984ರವರೆಗೆ ಕಾಯಬೇಕಾಯಿತು. ಅಂದ್ರೆ ಇದು ಕವಿಯ ಕಲ್ಪನೆಯ ಬಿಸಿಲಲ್ಲ. ಅಳೆದು ಬರೆದಿಟ್ಟ ಬಿಸಿಲು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ನನಗೆ ಈ ಹಾಡಿನಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ. ಇಂಗ್ಲಿಷಿನಲ್ಲಿ ಸೂರ್ಯನಿಗೂ ಬಿಸಿಲಿಗೂ ಒಂದೇ ಮಾತು ಸಾಕು. ನಮಗೆ ಸೂರ್ಯ ಬೇರೆ, ಬಿಸಿಲು ಬೇರೆ. ಬಿಸಿಲಿನಲ್ಲೂ ಎಷ್ಟು ಬಗೆ! ರಣಬಿಸಿಲು, ಉರಿಬಿಸಿಲು, ಎಳೆಬಿಸಿಲು, ಹೂಬಿಸಿಲು. ಈ ಹಾಡಿನಲ್ಲಿರೋದು ಹೂಬಿಸಿಲು. ಮೈಗೆ ತಾಗಿಯೂ ತಾಗದ ಹಾಗೆ ಬೀಳುವಂಥದ್ದು. ಹಾಡಿನಲ್ಲಿ ಸೂರ್ಯ ಬಂದಾಯ್ತು ಅಂತ ಹೇಳೋದಿಲ್ಲ, ಬರ್ತಾ ಇದೆ ಅನ್ನುತ್ತೆ. ಮಂಜು ಮೆಲ್ಲಗೆ ಕರಗ್ತಾ ಇದೆ. ಜನರ ಮುಖಕ್ಕೆ ನಗು ಮರಳ್ತಾ ಇದೆ. ಎಲ್ಲವೂ ಇನ್ನೂ ಆಗ್ತಾ ಇರುವಂಥವು. ಚಳಿಗಾಲ ಎಷ್ಟು ಉದ್ದ ಇತ್ತು, ಎಷ್ಟು ಒಂಟಿ ಅನ್ನಿಸಿತ್ತು ಅನ್ನೋದನ್ನು ಮೊದಲು ಹೇಳಿಯೇ ಮುಂದಕ್ಕೆ ಹೋಗುತ್ತಾನೆ. ಮುಚ್ಚಿಡೋದಿಲ್ಲ. ನನಗೆ ಇದು ಖುಷಿಯಾಗಿರುವವನ ಹಾಡು ಅನ್ನಿಸೋದೇ ಇಲ್ಲ. ಭಾರ ಹೊತ್ತುಕೊಂಡೇ ಇದ್ದವನು ಒಂದು ದಿನದ ಮಟ್ಟಿಗೆ ಕೆಳಗಿಟ್ಟಾಗ ಹೆಗಲು ಹಗುರಾಗುತ್ತಲ್ಲ, ಆ ಹಗುರ. ಜಗಳ ಮುಗಿದಿರಲಿಲ್ಲ, ಮಾರನೇ ದಿನ ಮತ್ತೆ ಮೀಟಿಂಗ್ ಇರಬಹುದು, ಸಾಲ ಹಾಗೇ ಇದೆ. ಆದರೂ ಸದ್ಯಕ್ಕೆ ಪರವಾಗಿಲ್ಲ ಅಂತ ತನಗೇ ಹೇಳಿಕೊಳ್ಳುವ ಹಾಡು. ಅದಕ್ಕೇ ಇದು ಕಷ್ಟದಲ್ಲಿರುವವರ ಹತ್ತಿರವೂ ಹೋಗಿ ಕೂರಬಲ್ಲದು. ಸುಮ್ನೆ ಸಂತೋಷ ಹಂಚುವ ಹಾಡುಗಳಿಗೆ ಅದು ಆಗೋದಿಲ್ಲ. ನೊಂದವರ ಕಿವಿಗೆ ಅವು ಚುಚ್ಚುತ್ತವೆ.

ಸಾಹಿತ್ಯದ ಉಳಿದ ಭಾಗವನ್ನು ಜೂನ್‌ನಲ್ಲಿ ಸಾರ್ಡಿನಿಯಾ ದ್ವೀಪಕ್ಕೆ ರಜೆಗೆ ಹೋದಾಗ ಮುಗಿಸಿದ.

ಇನ್ನು ತಾಳದ ವಿಷಯ. ಇದನ್ನು ಬರೆಯಬೇಕು ಅಂತಲೇ ನಾನು ಇದೆಲ್ಲ ಶುರು ಮಾಡಿದ್ದು.

ನಾನು ಹುಡುಗನಾಗಿದ್ದಾಗ ಏಳೆಂಟು ವರ್ಷ ತಬಲಾ ಕಲಿತೆ. ಧಾರವಾಡದಲ್ಲಿ ಇದೇನು ವಿಶೇಷವಲ್ಲ, ಓಣಿಗೊಬ್ಬರು ಕಲಿಯುತ್ತಿದ್ದರು. ನಮ್ಮ ಮಾಸ್ತರು ಪಾಠ ಹೇಳುವಾಗ ತೊಡೆಯ ಮೇಲೆ ಎರಡು ಬೆರಳಿನಿಂದ ಲೆಕ್ಕ ಹಾಕುತ್ತಿದ್ದರು. ಮಾತಾಡುವಾಗಲೂ ಆ ಬೆರಳು ನಿಲ್ಲುತ್ತಿರಲಿಲ್ಲ. ತಿಹಾಯಿ ಕಲಿಸಿದ ದಿನ ನನಗೆ ಇನ್ನೂ ನೆನಪಿದೆ. ಒಂದೇ ತುಣುಕನ್ನು ಮೂರು ಸಲ ನುಡಿಸೋದು, ಮೂರನೇ ಸಲದ ಕೊನೆ ಏಟು ಸರಿಯಾಗಿ ಸಮಕ್ಕೆ, ಅಂದ್ರೆ ತಾಳದ ಮೊದಲ ಮಾತ್ರೆಗೆ, ಬಂದು ಬೀಳಬೇಕು. ನಡುವೆ ಕೇಳುವವರಿಗೆ ತಾಳ ಎಲ್ಲೋ ತಪ್ಪಿಹೋಯ್ತು ಅನ್ನಿಸುತ್ತೆ. ತಪ್ಪಿರೋದಿಲ್ಲ. ಸಮಕ್ಕೆ ಬಂದು ಕೂತಾಗ ಎದೆಯಲ್ಲಿ ಒಂದು ಗಂಟು ಬಿಚ್ಚಿದ ಹಾಗೆ ಆಗುತ್ತೆ, ಕಛೇರಿಯಲ್ಲಿ ಕೂತವರು ತಮಗೇ ಗೊತ್ತಿಲ್ಲದೆ "ವಾಹ್" ಅನ್ನುತ್ತಾರೆ.

ಮ್ಯಾಂಚೆಸ್ಟರಿನ ಆ ಬಸ್ಸಿನಲ್ಲಿ ಹಾಡು ಕೇಳುತ್ತಿದ್ದಾಗ ನನ್ನ ಬೆರಳು ತಾನಾಗಿ ಲೆಕ್ಕ ಹಾಕೋಕೆ ಶುರು ಮಾಡಿತು. ಮೊದಲ ಸಾಲುಗಳು ನಾಲ್ಕರ ನಡೆ, ಏನೂ ತೊಂದರೆ ಇಲ್ಲ. ಪಲ್ಲವಿ ಮುಗಿದ ಕೂಡಲೇ ಗಿಟಾರ್ ಮೂರು ಮೂರರ ಗುಂಪಿನಲ್ಲಿ ಇಳಿದು ಬರುತ್ತೆ, ಕೆಳಗೆ ನಾಲ್ಕರ ನಡೆ ಹಾಗೇ ಇರುತ್ತೆ. ಅರೆ, ಅನ್ನಿಸಿತು. ಆಮೇಲೆ ಮಧ್ಯದ ಭಾಗ ಬಂತು. ಸೂರ್ಯನನ್ನು ಮೂರು ಸಲ ಕರೆದು ಇಗೋ ಬಂತು ಅನ್ನುವ ಒಂದೇ ಸಾಲು, ಅದೇ ತಿರುಗಿ ತಿರುಗಿ ಬರುತ್ತೆ. ಅಲ್ಲಿ ನನ್ನ ಬೆರಳು ತಪ್ಪಿತು. ಮತ್ತೆ ಹಿಂದಕ್ಕೆ ಹೋಗಿ ಕೇಳಿದೆ. ಮತ್ತೆ ತಪ್ಪಿತು. ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿತ್ತು.

ಆ ಸಾಲಿನ ಲೆಕ್ಕವನ್ನು ಸಾಮಾನ್ಯವಾಗಿ 11, 8, 7 ಅಂತ ಬಿಡಿಸುತ್ತಾರೆ. ಒಬ್ಬೊಬ್ಬರು ಒಂದೊಂದು ಥರ ಬರೆಯುವುದೂ ಉಂಟು, ಆದರೆ ಕೂಡಿದರೆ 26 ಸಣ್ಣ ಎಣಿಕೆ. ಪಾಶ್ಚಾತ್ಯ ಪಾಪ್ ಹಾಡಿನಲ್ಲಿ ಇದು ಬಹಳ ಅಪರೂಪ. ನಮ್ಮ ಕಿವಿಗೆ ಅಪರೂಪ ಅಲ್ಲ. ಇದನ್ನು ಪಕ್ಕಾ ತಿಹಾಯಿ ಅಂತ ನಾನು ಕರೆಯೋದಿಲ್ಲ, ಮೂರಕ್ಕೆ ನಿಲ್ಲೋದಿಲ್ಲ, ಇನ್ನೂ ಮುಂದಕ್ಕೆ ಹೋಗುತ್ತೆ. ಆದರೆ ತಿಹಾಯಿಯ ರುಚಿ ಅದರಲ್ಲಿ ಇದ್ದೇ ಇದೆ. ಅದೇ ತಪ್ಪಿದಂತೆ ಅನ್ನಿಸುವ ಹೊಯ್ದಾಟ, ಆಮೇಲೆ ಹಳೇ ನಡೆಗೆ ಬಂದು ಸೇರಿದಾಗ ಅದೇ ಗಂಟು ಬಿಚ್ಚಿದ ನೆಮ್ಮದಿ.

ಎಲ್ಲಿಂದ ಬಂತು ಅನ್ನೋದರಲ್ಲಿ ಗುಟ್ಟೇನಿಲ್ಲ. ಜಾರ್ಜ್ 1966ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಪಂಡಿತ ರವಿಶಂಕರ್ ಅವರನ್ನು ಭೇಟಿಯಾದ. ಸೆಪ್ಟೆಂಬರ್‌ನಲ್ಲಿ ಬಾಂಬೆಗೆ ಬಂದು, ಆಮೇಲೆ ಕಾಶ್ಮೀರದ ದೋಣಿಮನೆಯಲ್ಲೂ ಇದ್ದುಕೊಂಡು ಅವರ ಹತ್ತಿರ ಸಿತಾರ್ ಕಲಿತ. 1968ರ ಜನವರಿಯಲ್ಲಿ ಬಾಂಬೆಯ ಎಚ್‌ಎಂವಿ ಸ್ಟುಡಿಯೋದಲ್ಲಿ ಕೂತು ನಮ್ಮ ವಾದಕರ ಜೊತೆ ರೆಕಾರ್ಡಿಂಗ್ ಮಾಡಿದ, ಅದರಲ್ಲಿ ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರೂ ಇದ್ದರು. ಆದರೆ ಸಿತಾರ್‌ಗೆ ಇಡೀ ಜೀವನ ಕೊಡಬೇಕು, ತಾನು ತಡವಾಗಿ ಶುರು ಮಾಡಿದೆ ಅಂತ ಅವನಿಗೆ ಗೊತ್ತಾಯಿತು. 1968ರಲ್ಲೇ ಸಿತಾರ್ ಕೆಳಗಿಟ್ಟು ಗಿಟಾರ್‌ಗೆ ವಾಪಸ್ ಬಂದ. ಮೊದಲು ಅವನ ಹಾಡುಗಳಲ್ಲಿ ಭಾರತ ಅಂದ್ರೆ ಸಿತಾರ್, ತಂಬೂರಿ, ತಬಲಾ ಎಲ್ಲ ಎದುರಿಗೇ ಕಾಣುತ್ತಿತ್ತು. ಈ ಹಾಡಿನಲ್ಲಿ ಒಂದೂ ಭಾರತೀಯ ವಾದ್ಯ ಇಲ್ಲ. ಕಲಿತದ್ದು ಎಣಿಕೆಯೊಳಗೆ ಇಳಿದುಹೋಗಿದೆ. ಉಪ್ಪು ಸಾರಿನಲ್ಲಿ ಕರಗಿದ ಹಾಗೆ. ಕಲಿಕೆ ನಿಜವಾಗಿ ಮೈಗೂಡಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಡ್ರಮ್ಸ್ ನುಡಿಸಿದ ರಿಂಗೊ ಸ್ಟಾರ್ ಇದನ್ನು ಮುಂದೆ ನೆನಪು ಮಾಡಿಕೊಂಡಿದ್ದಾನೆ. ಜಾರ್ಜ್ ಬಂದು, ಒಂದು ಹಾಡಿದೆ, ಏಳೂವರೆ ತಾಳದ ಥರ ಇದೆ ಅಂದನಂತೆ. ರಿಂಗೊಗೆ ಅದು ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಿದ ಹಾಗಾಯಿತು. ಎಣಿಸಿ ನುಡಿಸೋದು ಅವನಿಗೆ ಆಗದ ಮಾತು, ಪ್ರತಿ ಸಲ ಸರಿಯಾಗಿ ಬರುವ ಹಾಗೆ ಕೈಗೇ ಒಂದು ದಾರಿ ಹುಡುಕಬೇಕಾಯಿತು. ಹುಡುಕಿದ. ರಿಂಗೊನನ್ನು ಸಾಧಾರಣ ಡ್ರಮ್ಮರ್ ಅನ್ನುವವರು ಆ ಮಧ್ಯದ ಭಾಗವನ್ನು ಒಮ್ಮೆ ಅವನ ಕೈಯನ್ನಷ್ಟೇ ಕೇಳಿಸಿಕೊಳ್ಳಬೇಕು.

ರಜೆಗೆ ಊರಿಗೆ ಬಂದಾಗ ಈ ಹಾಡನ್ನು ಮಾಸ್ತರಿಗೆ ಕೇಳಿಸಿದೆ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಇಂಗ್ಲಿಷ್ ಹಾಡು ಅಂದ್ರೆ ಅವರಿಗೆ ಬೇಡ, ನನ್ನ ಮೇಲಿನ ಪ್ರೀತಿಗೆ ಕೂತರು. ಫೋನನ್ನು ಅವರ ಹತ್ತಿರ ಚಾಪೆಯ ಮೇಲಿಟ್ಟೆ. ತೊಡೆಯ ಮೇಲೆ ಎರಡು ಬೆರಳು ಶುರುವಾಯಿತು. ಮಧ್ಯದ ಭಾಗ ಬಂದಾಗ ಬೆರಳು ನಿಂತಿತು. ಹುಬ್ಬು ಮೇಲೆ ಹೋಯಿತು.

"ಯಾರ ಕಡೆ ಕಲ್ತಾನ ಇಂವಾ?"

"ರವಿಶಂಕರ್ ಅವ್ರ ಕಡೆ ರೀ ಸರ."

"ಹಂಗನ್ನು ಮತ್ತ. ಇನ್ನೊಮ್ಮೆ ಹಚ್ಚು."

ನಾಲ್ಕು ಸಲ ಹಚ್ಚಿದೆ. ನಾಲ್ಕನೇ ಸಲಕ್ಕೆ ಅವರ ಬೆರಳು ಎಲ್ಲೂ ನಿಲ್ಲದೆ ದಾಟಿಹೋಗಿ ಸರಿಯಾದ ಜಾಗಕ್ಕೆ ಬಿತ್ತು. ಮಾತಾಡಲಿಲ್ಲ. ಒಳಗೆ ಕೂಗಿ ಇಬ್ಬರಿಗೂ ಚಹಾ ಹೇಳಿದರು.

ರೆಕಾರ್ಡಿಂಗ್ ಶುರುವಾದದ್ದು 1969ರ ಜುಲೈ 7ಕ್ಕೆ, ಲಂಡನ್ನಿನ ಆ್ಯಬಿ ರೋಡ್ ರಸ್ತೆಯಲ್ಲಿರುವ, ಆಗ ಇಎಂಐ ಅಂತ ಹೆಸರಿದ್ದ ಸ್ಟುಡಿಯೋದಲ್ಲಿ. ಆವತ್ತು ರಿಂಗೊನ 29ನೇ ಹುಟ್ಟುಹಬ್ಬ. ಇದ್ದದ್ದು ಮೂವರೇ, ಜಾರ್ಜ್, ಪಾಲ್, ರಿಂಗೊ. ಲೆನನ್ ಜುಲೈ 1ರಂದು ಸ್ಕಾಟ್ಲೆಂಡಿನ ಗೋಲ್ಸ್ಪಿ ಊರಿನ ಹತ್ತಿರ ಕಾರನ್ನು ಹಳ್ಳಕ್ಕೆ ಇಳಿಸಿ ಮುಖಕ್ಕೆ 17 ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿದ್ದು ಆಗಷ್ಟೇ ಹೊರಬಂದಿದ್ದ. ಸ್ಟುಡಿಯೋಗೆ ಮರಳಿದ್ದು 9ಕ್ಕೆ. ಹಾಗಾಗಿ ಬೀಟಲ್ಸ್‌ನ ಅತ್ಯಂತ ಪ್ರೀತಿಯ ಹಾಡುಗಳಲ್ಲಿ ಒಂದಾದ ಇದರಲ್ಲಿ ಲೆನನ್ ಇಲ್ಲವೇ ಇಲ್ಲ. ಹಿಂದೆ ಕೇಳುವ ಜೊತೆದನಿಗಳು ಜಾರ್ಜ್ ಮತ್ತು ಪಾಲ್‌ದೇ. ಮೀಟಿಂಗ್‌ನಲ್ಲಿ ಎದುರುಬದುರು ಕೂತು ಜಗಳ ಆಡುತ್ತಿದ್ದ ಇಬ್ಬರು ಒಂದೇ ಹಾಡಿಗೆ ದನಿ ಸೇರಿಸಿದ್ದಾರೆ. ಗಮನ ಇಟ್ಟು ಕೇಳಿ. ಜಗಳದ ಒಂದು ಎಳೆಯೂ ಆ ದನಿಗಳಲ್ಲಿ ಇಲ್ಲ.

ಗಿಟಾರ್‌ನ ಆ ಶುರುವಿನ ಹೊಳಪಿಗೆ ಕಾರಣ ಕೇಪೋ. ತಂತಿಗಳನ್ನು ಅಡ್ಡಲಾಗಿ ಒತ್ತಿಹಿಡಿಯುವ ಒಂದು ಕ್ಲಿಪ್ಪು ಅದು. ಜಾರ್ಜ್ ಅದನ್ನು ಏಳನೇ ಮನೆಗೆ ಹಾಕಿದ್ದಾನೆ, ಅಂದ್ರೆ ತಂತಿಯ ಉದ್ದ ಬಹಳ ಕಮ್ಮಿಯಾಗಿ ದನಿ ಮೇಲಕ್ಕೆ, ತೆಳ್ಳಗೆ, ಗಾಜಿನ ಬಳೆ ತಾಗಿದ ಹಾಗೆ ಬರುತ್ತೆ. ಗಿಟಾರ್ ಇರುವವರು ಒಮ್ಮೆ ಕೇಪೋ ಇಲ್ಲದೆ, ಕೆಳಗಿನ ಮನೆಗಳಲ್ಲಿ ಇದೇ ತುಣುಕು ನುಡಿಸಿ ನೋಡಿ. ಸ್ವರ ಸರಿ ಇರುತ್ತೆ, ಬಿಸಿಲು ಇರೋದಿಲ್ಲ.

ಆಗಸ್ಟ್ 15ಕ್ಕೆ ತಂಡದ ರೆಕಾರ್ಡ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಬರೆದ ವಾದ್ಯವೃಂದ ಸೇರಿತು. ವಯೋಲಾ, ಚೆಲ್ಲೋ, ಕೊಳಲು, ಕ್ಲಾರಿನೆಟ್. ಆಗಸ್ಟ್ 19ಕ್ಕೆ ಕೊನೆಯದಾಗಿ ಮೋಗ್ ಸಿಂಥಸೈಸರ್. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಅದು ಆಗ ಹೊಸ ಯಂತ್ರ, ಬೀರುವಿನಷ್ಟು ದೊಡ್ಡದು, ಮೈತುಂಬ ವೈರು. ಜಾರ್ಜ್ ತಾನೇ ಕೊಂಡು ತರಿಸಿದ್ದ. ಮಧ್ಯದ ಭಾಗದಲ್ಲಿ ಅದೇ ಸಾಲು ಮತ್ತೆ ಮತ್ತೆ ಬರುತ್ತಲ್ಲ, ಪ್ರತಿ ಸುತ್ತಿಗೂ ಮೋಗ್ ದನಿ ಹೊಳಪೇರುತ್ತಾ ಹೋಗುತ್ತೆ. ಹೊಸ ಯಂತ್ರ ಸಿಕ್ಕಾಗ ಎಲ್ಲರೂ ಅದರ ಚಮತ್ಕಾರ ತೋರಿಸೋಕೆ ಹೋಗುತ್ತಾರೆ. ಇವನು ಅದನ್ನು ಬೆಳಕು ಏರಿಸುವುದಕ್ಕೆ ಮಾತ್ರ ಬಳಸಿದ. ಮಾರನೇ ದಿನ, ಆಗಸ್ಟ್ 20, ನಾಲ್ವರೂ ಒಟ್ಟಿಗೆ ಸ್ಟುಡಿಯೋದಲ್ಲಿ ಸೇರಿದ ಕೊನೆಯ ದಿನ. ಸೆಪ್ಟೆಂಬರ್ 26ಕ್ಕೆ ‘ಆ್ಯಬಿ ರೋಡ್’ ಆಲ್ಬಮ್ ಬಂತು, ಅದರ ಎರಡನೇ ಮಗ್ಗುಲಿನ ಮೊದಲ ಹಾಡು ಇದು. ಅಷ್ಟು ಹೊತ್ತಿಗೆ ಲೆನನ್ ಒಳಗೊಳಗೇ ತಾನು ತಂಡ ಬಿಡ್ತೀನಿ ಅಂತ ಹೇಳಿಯಾಗಿತ್ತು.

ಆಗ ಬ್ರಿಟನ್, ಅಮೆರಿಕಗಳಲ್ಲಿ ಇದನ್ನು ಸಿಂಗಲ್ ಆಗಿ, ಅಂದ್ರೆ ಬಿಡಿ ರೆಕಾರ್ಡ್ ಆಗಿ, ಬಿಡುಗಡೆ ಮಾಡಲಿಲ್ಲ. ಆದರೂ ಬೀಟಲ್ಸ್ ಹಾಡುಗಳಲ್ಲಿ ಸ್ಪಾಟಿಫೈನಲ್ಲಿ ಮೊದಲು ನೂರು ಕೋಟಿ ದಾಟಿದ್ದು ಇದೇ, 2023ರಲ್ಲಿ. ಒಂದೋ ಎರಡೋ ಹಾಡಿನ ಜಾಗಕ್ಕೆ ಕಾಯುತ್ತಿದ್ದ ಕಿರಿಯವನ ಹಾಡು. 2020ರಲ್ಲಿ ಕೊರೊನಾ ಜೋರಾಗಿದ್ದಾಗ ನ್ಯೂಯಾರ್ಕ್ ಕಡೆಯ ಆಸ್ಪತ್ರೆಗಳಲ್ಲಿ ರೋಗಿಯೊಬ್ಬರು ಗುಣವಾಗಿ ಮನೆಗೆ ಹೊರಟಾಗ ಸ್ಪೀಕರಿನಲ್ಲಿ ಈ ಹಾಡು ಹಾಕುತ್ತಿದ್ದರು. ಆ ವಿಡಿಯೋಗಳಲ್ಲಿ ದಾದಿಯರು ಗಾಲಿಕುರ್ಚಿಯ ಎರಡೂ ಕಡೆ ನಿಂತು ಚಪ್ಪಾಳೆ ತಟ್ಟುತ್ತಿರುತ್ತಾರೆ. ನಮ್ಮ ಮನೆಯಲ್ಲೂ ಆ ವರ್ಷ ಒಬ್ಬರನ್ನು ಕಳೆದುಕೊಂಡೆವು, ಹಾಗಾಗಿ ಆ ವಿಡಿಯೋಗಳನ್ನು ನೋಡೋದು ನನಗೆ ಕಷ್ಟವಾಗಿತ್ತು. ಆದರೂ ಆಫ್ ಮಾಡಬೇಕು ಅಂತ ಒಮ್ಮೆಯೂ ಅನ್ನಿಸಲಿಲ್ಲ.

ಇನ್ನೊಂದು ವಿಷಯ, ಕನ್ನಡದವರಿಗೆ ಹೇಳಲೇಬೇಕಾದದ್ದು. 1977ರಲ್ಲಿ ನಾಸಾ ಕಳಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಟ್ಟೆ ಇದೆ, ಭೂಮಿಯ ಸದ್ದುಗಳನ್ನು ತುಂಬಿಕೊಂಡದ್ದು. ಆ ಸದ್ದುಗಳನ್ನು ಆರಿಸಿದ ತಂಡದ ಮುಖ್ಯಸ್ಥ ಕಾರ್ಲ್ ಸೇಗನ್ ಈ ಹಾಡನ್ನು ಅದರಲ್ಲಿ ಸೇರಿಸಬೇಕೆಂದಿದ್ದರು, ಹಕ್ಕು ಸಿಗದೆ ಬಿಟ್ಟುಹೋಯಿತು ಅಂತ ಬರೆದಿದ್ದಾರೆ. ತಂಡದಲ್ಲಿದ್ದ ಬೇರೆಯವರು ಅದು ಅಷ್ಟು ಗಂಭೀರ ಮಾತಾಗಿರಲಿಲ್ಲ ಅಂತಲೂ ಹೇಳಿದ್ದಾರೆ. ಏನೇ ಇರಲಿ, ಹಾಡು ಹೋಗಲಿಲ್ಲ. ಆದರೆ ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆ, ಅದರಲ್ಲಿ ಕನ್ನಡವೂ ಒಂದು. ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು, ಅಂತ ಒಂದು ದನಿ. ಜೊತೆಗೆ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಅವರು ಜೈಪುರ ಅತ್ರೌಲಿ ಘರಾಣೆಯವರು, ನಮ್ಮ ಮಲ್ಲಿಕಾರ್ಜುನ ಮನ್ಸೂರರದ್ದೂ ಅದೇ ಘರಾಣೆ. ಆ ನೌಕೆಗಳು ಈಗ ಸೂರ್ಯನಿಂದ ದೂರ ದೂರ ಹೋಗುತ್ತಾ ಇವೆ. ಸೂರ್ಯ ಬರ್ತಾ ಇದೆ ಅನ್ನುವ ಹಾಡು ಭೂಮಿಯಲ್ಲೇ, ನಮ್ಮ ಹತ್ತಿರ ಉಳಿಯಿತು. ನನಗೆ ಅದು ಇಷ್ಟವೇ.

ಜಾರ್ಜ್ 2001ರ ನವೆಂಬರ್ 29ಕ್ಕೆ ತೀರಿಕೊಂಡ. ಅವನ ಮೇಲೆ ಮಾರ್ಟಿನ್ ಸ್ಕಾರ್ಸೆಸಿ 2011ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರ ಜೊತೆಗೆ ಬಂದ ಒಂದು ಪುಟ್ಟ ತುಣುಕಿದೆ, ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ರೆಕಾರ್ಡಿಂಗ್ ಮೇಜಿನ ಮುಂದೆ ಮೂವರು ಕೂತಿದ್ದಾರೆ. ತಲೆ ಪೂರ್ತಿ ಬೆಳ್ಳಗಾದ ಜಾರ್ಜ್ ಮಾರ್ಟಿನ್, ಅವರ ಮಗ ಜೈಲ್ಸ್, ಜಾರ್ಜ್ ಹ್ಯಾರಿಸನ್‌ನ ಮಗ ಧನಿ. ಸಂಗೀತದ ಸ್ವರದ ಹೆಸರಿಟ್ಟುಕೊಂಡ ಮಗ, ಧ ಮತ್ತು ನಿ. ಮುಖ ಥೇಟ್ ಅಪ್ಪನದೇ. ಮೇಜಿನ ಮೇಲೆ ಈ ಹಾಡಿನ ಮೂಲ ಟೇಪು ಓಡುತ್ತಿದೆ, ಒಂದೊಂದು ಗುಂಡಿ ಮೇಲೆ ಸರಿಸಿದರೆ ಒಂದೊಂದು ವಾದ್ಯ ಬೇರೆಯಾಗಿ ಕೇಳುತ್ತೆ. ಸರಿಸುತ್ತಾ ಸರಿಸುತ್ತಾ ಒಂದು ಕಡೆ ಇದ್ದಕ್ಕಿದ್ದಂತೆ ಒಂದು ಗಿಟಾರ್ ಬರುತ್ತೆ. ಯಾರೂ ಕೇಳಿರದ ಗಿಟಾರ್. ಹಾಡಿನಲ್ಲಿ ಕೊನೆಗೆ ಬಳಸದೆ ಬಿಟ್ಟ ಒಂದು ಸೋಲೋ, ನಲವತ್ತು ವರ್ಷ ಟೇಪಿನಲ್ಲೇ ಇದ್ದದ್ದು. ಧನಿ ಒಂದು ಸಲ ಮುದುಕರ ಕಡೆ ನೋಡುತ್ತಾನೆ, ಆಮೇಲೆ ಆ ಗುಂಡಿಯನ್ನು ಇನ್ನೂ ಸ್ವಲ್ಪ ಮೇಲೆ ಸರಿಸುತ್ತಾನೆ.